ಫುರ್ಟ್‌ವೆಂಗ್ಲರ್ ಹಾದಿಯಲ್ಲಿ ಆರು ದಿನ

ನಮ್ಮ ಕಡೆ ಕಂಡಕ್ಟರ್ ಎಂದರೆ ಟಿಕೆಟ್ ಕೊಟ್ಟು ‘ರೈಟ್ ರೈಟ್’ ಅನ್ನುವವರು. ಆರ್ಕೆಸ್ಟ್ರಾದ ಕಂಡಕ್ಟರ್ ಕೆಲಸವೂ ಅದಕ್ಕಿಂತ ತೀರಾ ಬೇರೆಯಲ್ಲ. ಗಾಡಿ ಯಾವಾಗ ಹೊರಡಬೇಕು, ಎಲ್ಲಿ ನಿಧಾನಿಸಬೇಕು, ಎಲ್ಲಿ ನಿಲ್ಲಬೇಕು ಎಲ್ಲ ಅವನೇ ಹೇಳಬೇಕು. ಸ್ಟಿಯರಿಂಗ್ ಮಾತ್ರ ಬೇರೆಯವರ ಕೈಯಲ್ಲಿ. ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ (1886–1954) ಈ ಕೆಲಸ ಮಾಡಿದ ಊರುಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸುತ್ತು ಹಾಕಿ ಬಂದದ್ದರ ವಿವರ ಇದು: ಬರ್ಲಿನ್, ಲೈಪ್‌ಝಿಗ್, ಮಾನ್‌ಹೈಮ್, ಬಾಡೆನ್-ಬಾಡೆನ್, ಹೈಡಲ್‌ಬರ್ಗ್.

ಹೊರಡುವ ಮುಂಚೆ ಒಂದು ಮಾತು. ಈ ಹಾದಿಯಲ್ಲಿ ಹುಡುಕಬೇಕಾದ್ದು ಹುಟ್ಟಿದ ಮನೆ, ವಾಸದ ಮನೆಗಳನ್ನಲ್ಲ, ಸಭಾಂಗಣಗಳನ್ನು. ಮುಂದೆ ತಾನೂ ದೊಡ್ಡ ಕಂಡಕ್ಟರ್ ಆದ ಸೆರ್ಜಿಯು ಚೆಲಿಬಿಡಾಕೆ ಯುವಕನಿದ್ದಾಗ, ಒಂದು ಕಡೆ ಸಂಗೀತದ ವೇಗ ಎಷ್ಟಿರಬೇಕು ಎಂದು ಕೇಳಿದ್ದಕ್ಕೆ ಫುರ್ಟ್‌ವೆಂಗ್ಲರ್ ‘ಅಲ್ಲಿ ಅದು ಹೇಗೆ ಕೇಳಿಸುತ್ತದೆ ಅನ್ನುವುದರ ಮೇಲೆ’ ಎಂಬರ್ಥದ ಉತ್ತರ ಕೊಟ್ಟನಂತೆ. ಅಂದರೆ ವೇಗ ಸ್ವರಪುಸ್ತಕದಲ್ಲಿಲ್ಲ, ಗೋಡೆ–ಚಾವಣಿಗಳಲ್ಲಿದೆ. ಆ ಗೋಡೆಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡುವುದೇ ಈ ತಿರುಗಾಟದ ಕೆಲಸ.

ಮೊದಲ ದಿನ, ಶನಿವಾರ: ಬರ್ಲಿನ್

ನೊಲೆಂಡಾರ್ಫ್‌ಪ್ಲಾಟ್ಸ್ ನಿಲ್ದಾಣದಲ್ಲಿ ಒಂದು ರೈಲು ಗುಮ್ಮಟದ ಕೆಳಗೆ ಎತ್ತರದಲ್ಲಿ ಬರುತ್ತದೆ, ಉಳಿದವು ನೆಲದಡಿಯಲ್ಲಿ. ಈ ಆಸುಪಾಸಿನ ಶೋನೆಬರ್ಗ್‌ನಲ್ಲಿ 1886ರ ಜನವರಿ 25ರಂದು ಫುರ್ಟ್‌ವೆಂಗ್ಲರ್ ಹುಟ್ಟಿದ್ದು. ಆಗ ಶೋನೆಬರ್ಗ್ ಬರ್ಲಿನ್‌ಗೆ ಸೇರಿರಲಿಲ್ಲ, ಸೇರಿದ್ದು 1920ರಲ್ಲಿ. ತಂದೆ ಅಡಾಲ್ಫ್ ಗ್ರೀಕ್ ಶಿಲ್ಪ, ಮಡಕೆಗಳ ದೊಡ್ಡ ವಿದ್ವಾಂಸ, ಒಲಿಂಪಿಯಾದ ಉತ್ಖನನದಲ್ಲಿ ಕೆಲಸ ಮಾಡಿದವರು. ತಾಯಿ ಅಡೆಲ್‌ಹೈಡ್ ಚಿತ್ರ ಬರೆಯುತ್ತಿದ್ದವರು. 1894ರಲ್ಲಿ ಸಂಸಾರ ಮ್ಯೂನಿಕ್‌ಗೆ ಹೋಯಿತು, ಹುಡುಗನನ್ನು ಶಾಲೆ ಬಿಡಿಸಿ ಮನೆಗೇ ಮೇಷ್ಟ್ರನ್ನು ಕರೆಸಿದರು.

ಶನಿವಾರ ಮತ್ತು ಬುಧವಾರ ಪಕ್ಕದ ವಿಂಟರ್‌ಫೆಲ್ಟ್‌ಪ್ಲಾಟ್ಸ್‌ನಲ್ಲಿ ಸಂತೆ. ಸಸ್ಯಾಹಾರಿಗಳಿಗೆ ಬರ್ಲಿನ್‌ನಲ್ಲಿ ಚಿಂತೆಯಿಲ್ಲ, ಆದರೆ ಈ ಸಂತೆಯ ಗೋಜ್ಲೆಮೆ ತಪ್ಪಿಸಬಾರದು: ಟರ್ಕಿಯವರ ತೆಳು ರೊಟ್ಟಿ, ಒಳಗೆ ಪಾಲಕ್ ಮತ್ತು ಉಪ್ಪು ಚೀಸ್, ಹೋಳಿಗೆಯ ಹಾಗೆ ಕಾವಲಿ ಮೇಲೆ ಎರಡೂ ಕಡೆ ಬೇಯಿಸಿದ್ದು. ಹತ್ತೂವರೆಯ ಒಳಗೆ ಹೋದರೆ ಸಾಲು ಚಿಕ್ಕದು. ಆಮೇಲೆ ಹನಿ ಮಳೆ ಶುರುವಾಗಿ ಎಲ್ಲರೂ ಅದೇ ತಗಡಿನ ಸೂರಿನ ಕೆಳಗೆ ಸೇರಿಕೊಂಡರು.

ಅಲ್ಲಿಂದ ಅನ್‌ಹಾಲ್ಟರ್ ನಿಲ್ದಾಣಕ್ಕೆ. 1880ರಲ್ಲಿ ತೆರೆದ ಆ ಮಹಾನಿಲ್ದಾಣದಲ್ಲಿ ಈಗ ಉಳಿದಿರುವುದು ಮುಂಬಾಗಿಲಿನ ಒಂದು ತುಂಡು, ಹಿಂದೆ ಬಯಲು. ಕಟ್ಟಿದ ವಾಸ್ತುಶಿಲ್ಪಿ ಫ್ರಾಂಜ್ ಶ್ವೆಖ್ಟನ್. ಅವನೇ ಹತ್ತಿರದ ಬರ್ನ್‌ಬುರ್ಗರ್ ಬೀದಿಯ ಒಂದು ರೋಲರ್ ಸ್ಕೇಟಿಂಗ್ ಅಂಗಣವನ್ನು 1888ರಲ್ಲಿ ಸರಿಯಾದ ಸಂಗೀತ ಸಭಾಂಗಣವಾಗಿ ತಿದ್ದಿ ಕಟ್ಟಿದ. ಅದೇ ಹಳೆಯ ಫಿಲ್‌ಹಾರ್ಮೊನಿ. ಆರ್ಕೆಸ್ಟ್ರಾ ಹುಟ್ಟಿದ ಕಥೆಯಲ್ಲೂ ರೈಲಿದೆ: ಬೆಂಜಮಿನ್ ಬಿಲ್ಸೆ ಎಂಬ ಯಜಮಾನ ತನ್ನ ವಾದ್ಯಗಾರರನ್ನು ವಾರ್ಸಾಗೆ ನಾಲ್ಕನೇ ದರ್ಜೆಯಲ್ಲಿ ಕರೆದೊಯ್ಯಲು ಹೊರಟಿದ್ದಕ್ಕೆ 54 ಮಂದಿ ಬಿಟ್ಟು ಬಂದು 1882ರಲ್ಲಿ ತಮ್ಮದೇ ತಂಡ ಕಟ್ಟಿಕೊಂಡರು. ಬರ್ಲಿನ್ ಫಿಲ್‌ಹಾರ್ಮೊನಿಕ್ ಎಂದರೆ ಅದು.

1922ರ ಜನವರಿಯಲ್ಲಿ ಕಂಡಕ್ಟರ್ ಆರ್ಥರ್ ನಿಕಿಷ್ ತೀರಿಕೊಂಡಾಗ ಅವನು ನಡೆಸುತ್ತಿದ್ದ ಈ ತಂಡವೂ, ಲೈಪ್‌ಝಿಗ್‌ನ ಗೆವಾಂಡ್‌ಹೌಸ್ ತಂಡವೂ ಒಂದೇ ವರ್ಷದಲ್ಲಿ ಫುರ್ಟ್‌ವೆಂಗ್ಲರ್ ಪಾಲಿಗೆ ಬಂದವು. ವಯಸ್ಸು 36. 22 ವರ್ಷ ಆತ ಮತ್ತೆ ಮತ್ತೆ ನಿಂತ ವೇದಿಕೆ ಬರ್ನ್‌ಬುರ್ಗರ್ ಬೀದಿಯದು. 1944ರ ಜನವರಿ 30ರ ಬಾಂಬಿಗೆ ಅದು ಹೋಯಿತು. ಈಗ ಅಲ್ಲಿ ಸಾಧಾರಣ ವಠಾರದ ಮನೆಗಳು, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ, ಸೈಕಲ್ಲುಗಳು.

ರಾತ್ರಿ ಹೊಸ ಫಿಲ್‌ಹಾರ್ಮೊನಿಗೆ. ಪಾಟ್ಸ್‌ಡಾಮರ್ ಪ್ಲಾಟ್ಸ್ ದಾಟಿ ನಡೆದರೆ ಇಪ್ಪತ್ತು ನಿಮಿಷ. ಹಾನ್ಸ್ ಶಾರೂನ್ ಕಟ್ಟಿದ ಈ ಹಳದಿ ಕಟ್ಟಡ ತೆರೆದದ್ದು 1963ರಲ್ಲಿ, ಫುರ್ಟ್‌ವೆಂಗ್ಲರ್ ಇದನ್ನು ಕಂಡವನಲ್ಲ. ವಿಳಾಸ ಹರ್ಬರ್ಟ್ ಫಾನ್ ಕರಾಯನ್ ಬೀದಿ, ಸಂಖ್ಯೆ 1. ಫುರ್ಟ್‌ವೆಂಗ್ಲರ್ ಹೆಸರೆತ್ತಲೂ ಮನಸ್ಸಿಲ್ಲದೆ ಬರೀ ‘ಕೆ’ ಅನ್ನುತ್ತಿದ್ದ ಪ್ರತಿಸ್ಪರ್ಧಿ ಕಂಡಕ್ಟರ್‌ನ ಹೆಸರಿನ ಬೀದಿ.

ಇಲ್ಲಿ ಟಿಕೆಟ್ ಕೊಳ್ಳುವಾಗ ಆರ್ಕೆಸ್ಟ್ರಾದ ಬೆನ್ನಿಗಿರುವ ವೇದಿಕೆ ಸೀಟುಗಳನ್ನು ಹುಡುಕಬೇಕು. ಗಾಯಕವೃಂದ ಬೇಕಾದ ಕೃತಿಯಿದ್ದರೆ ಅವು ಮಾರಾಟಕ್ಕಿಲ್ಲ. ಇಲ್ಲದ ದಿನ ಅಗ್ಗಕ್ಕೆ ಸಿಗುತ್ತವೆ, ಆದರೆ ಬೇಗ ಖಾಲಿಯಾಗುತ್ತವೆ. ಕಹಳೆ, ತಮಟೆಗಳ ಸದ್ದು ನೆತ್ತಿಯ ಮೇಲೇ ಬಿದ್ದು ಪಿಟೀಲುಗಳು ದೂರ ಕೇಳಿಸುತ್ತವೆ ಎಂಬುದು ನಷ್ಟ. ಲಾಭವೆಂದರೆ ಕಂಡಕ್ಟರ್‌ನ ಮುಖ, ಎರಡೂ ಕೈ ವಾದ್ಯಗಾರರಿಗೆ ಕಾಣುವ ಹಾಗೆಯೇ ನಮಗೂ ಕಾಣುತ್ತವೆ.

ಕಾಣಬೇಕಾದ್ದೇ ಅದು. ಕೋಲು ಕೆಳಗೆ ಬಂದು ತಾಗುವ ಕ್ಷಣಕ್ಕೆ ಎಲ್ಲರೂ ಶುರು ಮಾಡುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಫುರ್ಟ್‌ವೆಂಗ್ಲರ್ ಪ್ರಕಾರ ಆ ತಾಗುವ ಬಿಂದುವಿಗೆ ಬೆಲೆ ಕಡಿಮೆ. ಅದಕ್ಕೆ ಮುಂಚಿನ ಎತ್ತುಗೆಯಲ್ಲೇ, ವಾದ್ಯಗಾರ ಉಸಿರೆಳೆದು ಬಿಲ್ಲು ಎತ್ತುವ ಹೊತ್ತಲ್ಲೇ, ಬರಲಿರುವ ನಾದ ದಪ್ಪವೋ ತೆಳುವೋ ತೀರ್ಮಾನವಾಗಿರುತ್ತದೆ. ಬಿಂದು ಚೂಪಾದಷ್ಟೂ ನಾದ ಕತ್ತರಿಸಿದ ಹಾಗೆ ಬರುತ್ತದೆ. ಆದ್ದರಿಂದ ಆತ ಬೇಕೆಂದೇ ಕೋಲನ್ನು ನಡುಗಿಸುತ್ತಾ ಇಳಿಸುತ್ತಿದ್ದ. ಆ ಕೋಲು ಅಂಗಿಯ ಮೂರನೇ ಗುಂಡಿಗೆ ಬಂದಾಗ ನಾವು ಶುರು ಮಾಡುತ್ತೇವೆ ಎಂಬುದು ವಾದ್ಯಗಾರರ ಹೆಸರಲ್ಲಿ ಓಡಾಡುವ ತಮಾಷೆ. ಆತನ ಧ್ವನಿಮುದ್ರಣಗಳಲ್ಲಿ ದೊಡ್ಡ ಸ್ವರಮೇಳ ಒಂದೇ ಏಟಿಗೆ ಬೀಳುವುದಿಲ್ಲ, ತೀರಾ ತಗ್ಗು ದನಿಯ ದೊಡ್ಡ ತಂತಿವಾದ್ಯಗಳಾದ ಡಬಲ್ ಬಾಸ್‌ಗಳು ಕೂದಲೆಳೆಯಷ್ಟು ಮುಂಚೆ ನೆಲ ಹಾಸಿರುತ್ತವೆ, ಮಿಕ್ಕವರು ಅದರ ಮೇಲೆ ಬಂದು ಕೂರುತ್ತಾರೆ. ಪಳಗಿದ ತಂಡವಾದರೆ ಇದು ವೈಭವ, ಹೊಸ ತಂಡವಾದರೆ ಮೊದಲ ತಾಲೀಮಿನಲ್ಲೇ ಅಡ್ಡಾದಿಡ್ಡಿ. ಸೀಟುಗಳಲ್ಲೂ ಆತನದೊಂದು ಕ್ರಮವಿದೆ: ಎಡಕ್ಕೆ ಎರಡೂ ಪಿಟೀಲು ಗುಂಪು, ನಡುವೆ ಕಾಲ ನಡುವೆ ಇಟ್ಟು ನುಡಿಸುವ ಚೆಲ್ಲೋ, ಬಲ ಅಂಚಿಗೆ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ. ಈಗಲೂ ಆ ಜೋಡಣೆಗೆ ಆತನ ಹೆಸರೇ.

ಎರಡನೇ ದಿನ, ಭಾನುವಾರ: ಕತ್ತಲು, ಸಿನಿಮಾ ಮಂದಿರ, ಚರ್ಚು

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ. ನೀರು, ಹಣ್ಣು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು. ಮರೆತವರಿಗೆ ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳೇ ಗತಿ. ಇನ್ನೊಂದು ವಿಷಯ, ಬರ್ಲಿನ್ ರೈಲಿನಲ್ಲಿ ನಮ್ಮ ಅರ್ಥದ ಕಂಡಕ್ಟರ್ ಇಲ್ಲ. ಕಾಗದದ ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರಂನ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಇಲ್ಲದ್ದಕ್ಕೆ ಸಮ. ಫ್ರೀಡ್ರಿಖ್‌ಸ್ಟ್ರಾಸೆಯ ಹತ್ತಿರ ಸಾದಾ ಉಡುಪಿನ ತಪಾಸಣೆಯವರು ಎದ್ದು ನಿಂತಾಗ ಎದುರು ಸೀಟಿನ ಸ್ಪೇನ್ ದೇಶದ ಹುಡುಗರು ಕೈಯಲ್ಲಿ ಟಿಕೆಟ್ ಇದ್ದೂ 60 ಯೂರೋ ದಂಡ ತೆತ್ತರು.

ಆ ನಿಲ್ದಾಣದ ಪಕ್ಕದಲ್ಲೇ ಅಡ್ಮಿರಾಲ್ಸ್‌ಪಾಲಾಸ್ಟ್. 1910ರಲ್ಲಿ ಇದು ಶುರುವಾದದ್ದು ಐಸ್ ಸ್ಕೇಟಿಂಗ್ ಅಂಗಣವಾಗಿ; ಮೊದಲನೆಯದು ಗಾಲಿಯದು, ಇದು ಐಸಿನದು. ಹಳೆಯ ಸಭಾಂಗಣ ಹೋದಮೇಲೆ 1945ರ ಜನವರಿ 23ರಂದು ಫುರ್ಟ್‌ವೆಂಗ್ಲರ್ ಯುದ್ಧಕಾಲದ ಬರ್ಲಿನ್‌ನಲ್ಲಿ ಕೊನೆಯ ಬಾರಿ ಕೋಲು ಹಿಡಿದದ್ದು ಇಲ್ಲಿ. ಮೊಜಾರ್ಟ್‌ನ 40ನೇ ಸಿಂಫನಿಯ ನಡುವೆ ಕರೆಂಟು ಹೋಯಿತು. ಕತ್ತಲಲ್ಲಿ ಸ್ವಲ್ಪ ದೂರ ನುಡಿಸಿ ನಿಲ್ಲಿಸಿದರು. ದೀಪ ಬಂದಮೇಲೆ ಆತ ಮೊಜಾರ್ಟ್‌ಗೆ ಮರಳದೆ ನೇರ ಬ್ರಾಮ್ಸ್‌ನ ಮೊದಲ ಸಿಂಫನಿಗೆ ಹೋದ. ಆ ಬ್ರಾಮ್ಸ್‌ನ ಕೊನೆಯ ಭಾಗ ಮಾತ್ರ ಟೇಪಿನಲ್ಲಿ ಉಳಿದಿದೆ.

ಉಳಿದದ್ದು ಹೇಗೆ ಎಂಬುದೂ ಕುತೂಹಲದ ಸಂಗತಿ. 1940ರಲ್ಲಿ ಬರ್ಲಿನ್ ರೇಡಿಯೋದ ವಾಲ್ಟರ್ ವೆಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್ ಟೇಪಿಗೆ ಧ್ವನಿಯ ಜೊತೆ ಕಿವಿಗೆ ಕೇಳಿಸದ ಅಧಿಕ ಆವರ್ತನದ ವಿದ್ಯುತ್ತನ್ನೂ ಸೇರಿಸುವ ವಿಧಾನ ಕಂಡುಕೊಂಡರು. ಅದಕ್ಕೆ ಮುಂಚೆ ಟೇಪೆಂದರೆ ‘ಸುಯ್’ ಶಬ್ದವೇ ಹೆಚ್ಚು. ಆಮೇಲೆ ಪಿಟೀಲಿನ ಬಿಲ್ಲು ತಿರುಗುವುದೂ ಕೇಳಿಸಿತು. ಟೇಪು ಓಡುತ್ತಿದ್ದದ್ದು ಸೆಕೆಂಡಿಗೆ 77 ಸೆಂಟಿಮೀಟರ್. 1,000 ಮೀಟರಿನ ಸುರುಳಿ 22 ನಿಮಿಷದೊಳಗೆ ಮುಗಿಯುತ್ತದೆ. ಒಂದು ಸಿಂಫನಿಗೆ ಎರಡು–ಮೂರು ಸುರುಳಿ ಬೇಕು, ಒಂದು ಯಂತ್ರದಲ್ಲಿ ಮುಗಿಯುವ ಮುಂಚೆ ಇನ್ನೊಂದು ಶುರುವಾಗಬೇಕು. ಹಾಗಾಗಿ ಒಂದು ಸುರುಳಿ ಕಳೆದರೆ ಕೃತಿಯ ಒಂದು ಹೋಳೇ ಹೋಯಿತು. ಯುದ್ಧ ಮುಗಿದಮೇಲೆ ಈ ಟೇಪುಗಳು ಸೋವಿಯತ್ ನಾಡಿಗೆ ಹೋದವು. ನಕಲುಗಳು ಬರ್ಲಿನ್‌ಗೆ ಬರತೊಡಗಿದ್ದು 1987ರಲ್ಲಿ.

ಅಲ್ಲಿಂದ ಉಂಟರ್ ಡೆನ್ ಲಿಂಡೆನ್‌ನ ಒಪೆರಾ ಮಂದಿರ ನಡೆದು ಹೋಗುವಷ್ಟು ಹತ್ತಿರ. 1934ರ ನವೆಂಬರ್ 25ರಂದು ಫುರ್ಟ್‌ವೆಂಗ್ಲರ್ ನಾಜಿಗಳು ತಡೆದಿದ್ದ ಸಂಗೀತ ರಚನಕಾರ ಹಿಂಡೆಮಿತ್ ಪರವಾಗಿ ಪತ್ರಿಕೆಯಲ್ಲಿ ಬರೆದ. ಡಿಸೆಂಬರ್ ಮೊದಲ ವಾರದಲ್ಲೇ ಒಪೆರಾ, ಫಿಲ್‌ಹಾರ್ಮೊನಿಕ್, ಸರ್ಕಾರಿ ಸಂಗೀತ ಮಂಡಳಿಯ ಉಪಾಧ್ಯಕ್ಷತೆ ಮೂರನ್ನೂ ಬಿಟ್ಟ. 1935ರ ಏಪ್ರಿಲ್‌ನಲ್ಲಿ ಅದೇ ತಂಡದ ಮುಂದೆ ಮತ್ತೆ ನಿಂತ. 1942ರ ಏಪ್ರಿಲ್ 19ರಂದು, ಹಿಟ್ಲರ್ ಹುಟ್ಟುಹಬ್ಬದ ಹಿಂದಿನ ದಿನ, ಬೇಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿ ನಾಜಿ ಪ್ರಚಾರಮಂತ್ರಿ ಗೋಬೆಲ್ಸ್ ಚಾಚಿದ ಕೈ ಕುಲುಕಿದ್ದು ವಾರ್ತಾಚಿತ್ರದಲ್ಲಿದೆ. ಕೈ ಬಿಡಿಸಿಕೊಂಡಮೇಲೆ ಕರವಸ್ತ್ರದಲ್ಲಿ ಒರೆಸಿಕೊಂಡ ಎಂದು ಅಭಿಮಾನಿಗಳು ತೋರಿಸುತ್ತಾರೆ. ಒರೆಸಿಕೊಂಡದ್ದು ಹೌದೇ ಇರಬಹುದು, ಕೊಟ್ಟದ್ದಂತೂ ಹೌದು. ಎರಡನ್ನೂ ಲೆಕ್ಕಕ್ಕೆ ಹಿಡಿಯದೆ ಈ ಮನುಷ್ಯನ ಬಗ್ಗೆ ಮಾತಾಡುವುದು ಸರಿಯಲ್ಲ.

ಮಧ್ಯಾಹ್ನ ಶ್ಟೆಗ್ಲಿಟ್ಸ್‌ನ ಟಿಟಾನಿಯಾ ಪಾಲಾಸ್ಟ್‌ಗೆ. 1928ರ ಸಿನಿಮಾ ಮಂದಿರ. ಈಗಲೂ ಒಳಗೆ ಸಿನಿಮಾ, ಕೆಳಗೆ ಅಂಗಡಿಗಳು, ಹೊರಗೆ ಬೆಳಕಿನ ಪಟ್ಟಿಗಳ ಗೋಪುರ. ಯುದ್ಧದಲ್ಲಿ ಉಳಿದ ಕೆಲವೇ ದೊಡ್ಡ ಮಂದಿರಗಳಲ್ಲಿ ಇದೊಂದು. 1946ರ ಡಿಸೆಂಬರ್‌ನಲ್ಲಿ ನಾಜಿ ನಂಟಿನ ವಿಚಾರಣೆ ಮುಗಿಸಿಕೊಂಡ ಫುರ್ಟ್‌ವೆಂಗ್ಲರ್ 1947ರ ಮೇ 25ರಂದು ಇಲ್ಲಿ ಬೇಥೋವನ್‌ನ ‘ಎಗ್ಮಾಂಟ್’ ಮುನ್ನುಡಿ, ಆರನೇ ಮತ್ತು ಐದನೇ ಸಿಂಫನಿಗಳೊಂದಿಗೆ ಬರ್ಲಿನ್‌ಗೆ ಮರಳಿದ. ಸಿನಿಮಾ ಮಂದಿರದ ಗೋಡೆ ಮಾತು ಸ್ಪಷ್ಟವಾಗಿ ಕೇಳಲೆಂದು ನಾದವನ್ನು ಹೀರಿಕೊಳ್ಳುತ್ತದೆ. ಸ್ವರ ನಿಲ್ಲಿಸಿದ ಕೂಡಲೇ ನಿಲ್ಲುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಅಂಥ ಕಡೆ ನಿಧಾನಗತಿ ಹಿಡಿದರೆ ಎಳೆ ಹರಿದು ಬೀಳುತ್ತದೆ.

ಹೋಲಿಸಿ ನೋಡಲು ಅದೇ ದಿನ ಡಾಲೆಮ್‌ನ ಜೀಸಸ್ ಕ್ರೈಸ್ಟ್ ಚರ್ಚಿಗೂ ಹೋಗಬೇಕು: ನೆಲದಡಿಯ ರೈಲು ಯು9ರಲ್ಲಿ ಶ್ಪಿಖರ್ನ್‌ಸ್ಟ್ರಾಸೆಗೆ, ಅಲ್ಲಿ ಯು3 ಹಿಡಿದು ಟೀಲ್‌ಪ್ಲಾಟ್ಸ್‌ಗೆ. ಫಿಲ್‌ಹಾರ್ಮೊನಿಕ್ ಜೊತೆ ಶೂಬರ್ಟ್‌ನ ದೊಡ್ಡ ಸಿ ಮೇಜರ್ ಸಿಂಫನಿಯನ್ನು 1951ರಲ್ಲೂ ಶೂಮಾನ್‌ನ ನಾಲ್ಕನೆಯದನ್ನು 1953ರಲ್ಲೂ ಮುದ್ರಿಸಿದ್ದು ಇಲ್ಲಿ. ಶೂಮಾನ್‌ನಲ್ಲಿ ಕೊನೆಯ ಭಾಗಕ್ಕೆ ಮುಂಚಿನ ಆ ಕತ್ತಲ ದಾರಿಯನ್ನು ಆತ ಅಷ್ಟು ಹಿಡಿದು ಎಳೆಯಲು ಸಾಧ್ಯವಾದದ್ದು ಚರ್ಚು ಪ್ರತಿ ಸ್ವರವನ್ನೂ ಮುಂದಿನದಕ್ಕೆ ಕೂಡಿಸುತ್ತದೆ ಎಂಬುದರಿಂದ. ಟಿಟಾನಿಯಾದ ಮುದ್ರಿಕೆಯ ಬೆನ್ನಿಗೇ ಇದನ್ನು ಕೇಳಿದರೆ ಚೆಲಿಬಿಡಾಕೆಗೆ ಸಿಕ್ಕ ಉತ್ತರ ತಾನಾಗಿ ತಿಳಿಯುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದು ಬಾಗಿಲಿಗೆ ಬೀಗ ಬಿದ್ದಿತ್ತು. ಭಾನುವಾರ ಹೋಗುವವರು ಬೆಳಿಗ್ಗೆಯೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು ಜಾಣತನ. ಆರ್ಗನ್ ನಿಂತಮೇಲೆ ನಾದ ಎಷ್ಟು ಹೊತ್ತು ಚಾವಣಿಯಲ್ಲಿ ಸುಳಿಯುತ್ತದೆ ಎಂದು ಎಣಿಸಬಹುದು.

ಮೂರನೇ ದಿನ, ಸೋಮವಾರ: ಲೈಪ್‌ಝಿಗ್

ವೇಗದ ರೈಲಿಗೆ ಒಂದೂಕಾಲು ಗಂಟೆ. ಫುರ್ಟ್‌ವೆಂಗ್ಲರ್ ಆರು ವರ್ಷ, 1922ರಿಂದ 1928ರವರೆಗೆ, ಈ ಎರಡು ಊರುಗಳ ನಡುವೆ ಓಡಾಡಿದ. ನಡುವೆ ನ್ಯೂಯಾರ್ಕ್, 1927ರಿಂದ ವಿಯೆನ್ನಾ ಬೇರೆ. ಕೊನೆಗೆ ಬಿಟ್ಟದ್ದು ಲೈಪ್‌ಝಿಗನ್ನು.

ಆತನ ಗೆವಾಂಡ್‌ಹೌಸ್ ಈಗಿನದಲ್ಲ. 1884ರ ಆ ಕಟ್ಟಡ ಬಾಂಬಿಗೆ ಸಿಕ್ಕಿ, ಅಸ್ಥಿಪಂಜರವನ್ನು 1968ರಲ್ಲಿ ಕೆಡವಿದರು. ಆ ಜಾಗದಲ್ಲಿ, ಬೇಥೋವನ್ ಬೀದಿಯಲ್ಲಿ, ವಿಶ್ವವಿದ್ಯಾಲಯದ ಕಟ್ಟಡವಿದೆ. ಮೆಟ್ಟಿಲ ಮೇಲೆ ಹುಡುಗರು ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಹೊಸದು ಅಗಸ್ಟಸ್‌ಪ್ಲಾಟ್ಸ್‌ನಲ್ಲಿ, 1981ರದು. ಗಂಭೀರವಾದದ್ದೇ ನಿಜವಾದ ಸಂತೋಷ ಎಂಬರ್ಥದ ಸೆನೆಕಾನ ಲ್ಯಾಟಿನ್ ಮಾತನ್ನು ಹಳೆಯದರಿಂದ ಹೊಸದಕ್ಕೂ ತಂದಿದ್ದಾರೆ. ಹಳೆಯದರ ಮುಂದಿದ್ದ, ಯೆಹೂದಿ ಮೂಲದ ಸಂಗೀತ ರಚನಕಾರ ಮೆಂಡೆಲ್ಸನ್ ಪ್ರತಿಮೆಯನ್ನು 1936ರ ನವೆಂಬರ್‌ನಲ್ಲಿ ನಾಜಿಗಳು ಕಿತ್ತರು; ಅದರ ಪಡಿಯಚ್ಚು 2008ರಿಂದ ಥಾಮಸ್ ಚರ್ಚಿನ ಹತ್ತಿರ ನಿಂತಿದೆ.

ಲೈಪ್‌ಝಿಗ್‌ನಲ್ಲಿ ಅರ್ಧ ದಿನವಷ್ಟೇ ಇದ್ದರೆ ಗೋಲ್ಡ್‌ಶ್ಮಿಟ್ ಬೀದಿಯ ಮೆಂಡೆಲ್ಸನ್ ಮನೆಗೆ ಹೋಗಿ. ಕೆಳಗಿನ ಒಂದು ಕೋಣೆಯಲ್ಲಿ ಆಳೆತ್ತರದ 13 ಸ್ಪೀಕರ್ ಕಂಬಗಳಿವೆ, ಒಂದೊಂದು ಕಂಬಕ್ಕೆ ಒಂದೊಂದು ವಾದ್ಯಗುಂಪು. ಮುಂದಿನ ಮೇಜಿನ ಬಳಿ ನಿಂತು ಕೋಲು ಆಡಿಸಿದರೆ ವೇಗ ಏರಿಳಿಯುತ್ತದೆ, ಬೇಡದ ಗುಂಪನ್ನು ಬಾಯಿ ಮುಚ್ಚಿಸಬಹುದು, ಸಭಾಂಗಣದ ನಾದವನ್ನೂ ಬದಲಿಸಿ ನೋಡಬಹುದು. ಎಲ್ಲರೂ ಮಾಡುವ ತಪ್ಪು ಒಂದೇ: ಕೇಳಿಸುತ್ತಿರುವ ಸಂಗೀತಕ್ಕೆ ತಾಳ ಹಾಕುವುದು. ನಮ್ಮ ಕಛೇರಿಗಳಲ್ಲಿ ಕೂತು ತಾಳ ಹಾಕಿ ರೂಢಿಯಾದ ಕೈಯಂತೂ ಬಿಟ್ಟರೂ ಬಿಡದು. ಆಗ ಯಂತ್ರ ನಿಮ್ಮ ಕೈಗೆ ಕಾಯುತ್ತದೆ, ನೀವು ಯಂತ್ರಕ್ಕೆ ಕಾಯುತ್ತೀರಿ, ಇಬ್ಬರೂ ಕುಂಟುತ್ತಾ ನಿಧಾನವಾಗಿ ನಿಂತುಹೋಗುತ್ತೀರಿ. ಕೈ ಒಂದು ಹೆಜ್ಜೆ ಮುಂದಿರಬೇಕು. ಮುಂದಿನ ಸಾಲಿನಲ್ಲಿದ್ದ ಏಳೆಂಟು ವರ್ಷದ ಹುಡುಗಿ ಸಂಗೀತ ಗಮನಿಸದೆ ಸುಮ್ಮನೆ ಕೋಲು ಬೀಸಿದ್ದಕ್ಕೆ ಎಲ್ಲರಿಗಿಂತ ಚೆನ್ನಾಗಿ ಬಂತು.

ಸಂಜೆ ಲೈಪ್‌ಝಿಗರ್ ಲೆರ್ಖೆ. ಲೆರ್ಖೆ ಎಂದರೆ ನೆಲಗುಬ್ಬಿಯ ಜಾತಿಯ ಬಾನಾಡಿ. ಒಂದು ಕಾಲಕ್ಕೆ ಈ ಊರಲ್ಲಿ ಆ ಹಕ್ಕಿಯನ್ನೇ ಕಡುಬಿನೊಳಗಿಟ್ಟು ಬೇಯಿಸಿ ತಿನ್ನುತ್ತಿದ್ದರು. 1876ರಲ್ಲಿ ಬೇಟೆ ನಿಷೇಧವಾದಾಗ ಬೇಕರಿಯವರು ಬಾದಾಮಿ ಹೂರಣ ತುಂಬಿ, ಹಕ್ಕಿಗೆ ಕಟ್ಟುತ್ತಿದ್ದ ದಾರದ ನೆನಪಿಗೆ ಮೇಲೆ ಎರಡು ಅಡ್ಡಪಟ್ಟಿ ಹಾಕಿ ತಿಂಡಿ ಮಾಡಿದರು. ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿಕೊಳ್ಳಿ.

ನಾಲ್ಕನೇ ದಿನ, ಮಂಗಳವಾರ: ಮಾನ್‌ಹೈಮ್

ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸುವ ರೈಲು ಕಣ್ಣೆದುರೇ ಹೋಯಿತು, ಮೊದಲನೆಯದು ಅಷ್ಟು ತಡ. ಬದಲಿಸಲು ಅರ್ಧ ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ. ರಿಯಾಯಿತಿ ಟಿಕೆಟ್ ಆ ಒಂದೇ ರೈಲಿಗೆ ಕಟ್ಟುಬಿದ್ದಿದ್ದರೂ ತಡವಾಗಿ ಸಂಪರ್ಕ ತಪ್ಪಿದರೆ ಮುಂದಿನದನ್ನು ಹತ್ತಬಹುದು, ಹೊಸ ಟಿಕೆಟ್ ಕೊಳ್ಳಬೇಕಿಲ್ಲ.

ಮಾನ್‌ಹೈಮ್ ನಡುಭಾಗದಲ್ಲಿ ಬಹುಮಟ್ಟಿಗೆ ಬೀದಿಗೆ ಹೆಸರಿಲ್ಲ, ಚೌಕಕ್ಕೆ ಸಂಖ್ಯೆ. ಅರಮನೆಗೆ ಬೆನ್ನು ಮಾಡಿ ನಿಂತರೆ ನಡುಬೀದಿಯ ಎಡಕ್ಕೆ ಎ ಇಂದ ಕೆ, ಬಲಕ್ಕೆ ಎಲ್ ಇಂದ ಯು. ನಡುಬೀದಿಯಿಂದ ದೂರ ಹೋದಂತೆ ಅಂಕಿ ಏರುತ್ತದೆ. ಅರಮನೆಗೆ ಬೆನ್ನು ಮಾಡುವುದನ್ನು ಮರೆತರೆ ಎಲ್ಲವೂ ತಿರುಗುಮುರುಗು. ಬಿ 3 ಚೌಕದಲ್ಲಿ ಹಳೆಯ ರಾಷ್ಟ್ರೀಯ ರಂಗಮಂದಿರವಿತ್ತು. 1782ರಲ್ಲಿ ಶಿಲ್ಲರ್‌ನ ಮೊದಲ ನಾಟಕ ರಂಗಕ್ಕೇರಿದ್ದೂ ಅಲ್ಲಿ, 1915ರಿಂದ 1920ರವರೆಗೆ ಫುರ್ಟ್‌ವೆಂಗ್ಲರ್ ಒಪೆರಾ ನಡೆಸಿದ್ದೂ ಅಲ್ಲಿ. 1943ರಲ್ಲಿ ಅದೂ ಸುಟ್ಟಿತು. ಈಗ ಮರಗಳ ಚೌಕ, ಬೆಂಚುಗಳು.

ಕೆಲಸ ಕಲಿತು ಮೇಲೆ ಬಂದ ದಾರಿ ಇದು: ಬ್ರೆಸ್ಲಾವ್, ಝೂರಿಕ್, ಮ್ಯೂನಿಕ್, ಶ್ಟ್ರಾಸ್‌ಬುರ್ಗ್‌ಗಳಲ್ಲಿ ಗಾಯಕರಿಗೆ ಪಿಯಾನೋ ಮೇಲೆ ಪಾಠ ಹೇಳುವ ಕೆಳಗಿನ ಕೆಲಸ; 1911ರಿಂದ ಲ್ಯೂಬೆಕ್‌ನಲ್ಲಿ ಸ್ವಂತ ತಂಡ; ಅಲ್ಲಿ 1913ರಲ್ಲಿ ಮೊದಲ ಸಲ ಒಂಬತ್ತನೇ ಸಿಂಫನಿ; ಆಮೇಲೆ ಮಾನ್‌ಹೈಮ್. ಸಣ್ಣ ಊರಿನ ಒಪೆರಾದಲ್ಲಿ ಗಾಯಕಿ ಒಂದು ಸಾಲು ಹಾರಿಸಿದರೆ 60 ಜನರನ್ನು ಆ ಕ್ಷಣದಲ್ಲೇ ಹಿಂದೆ ಹಾಕಿಕೊಂಡು ಹೋಗಬೇಕು. ಆತನ ಸಿಂಫನಿಗಳ ಆ ಹಿಗ್ಗು–ಕುಗ್ಗಿನ ನಡಿಗೆಗೆ ಬೇರು ಅಲ್ಲಿದೆ ಅನ್ನುವುದು ನಮ್ಮ ಎಣಿಕೆ.

ಮಾನ್‌ಹೈಮ್‌ಗೆ ಬಂದವರು ಕೇಳಲೇಬೇಕಾದ ಇನ್ನೊಂದು ಸಂಗತಿ 1933ರ ಏಪ್ರಿಲ್ 26ರದು. ಬರ್ಲಿನ್ ತಂಡ ಬಂದು ಇಲ್ಲಿನ ತಂಡದೊಂದಿಗೆ ಸೇರಿ ನುಡಿಸುವುದಿತ್ತು. ಬರ್ಲಿನ್‌ನ ಮೊದಲ ಪಿಟೀಲಿನವನು ಶಿಮೋನ್ ಗೋಲ್ಡ್‌ಬರ್ಗ್, ಯೆಹೂದಿ. ಆ ಸೀಟು ಬರೀ ಗೌರವದ್ದಲ್ಲ: ಬಿಲ್ಲು ಎಲ್ಲಿ ತಿರುಗಬೇಕು ಎಂದು ತೀರ್ಮಾನಿಸುವವನು, ನಡುಗುವ ಕೋಲನ್ನು ಉಳಿದವರಿಗೆ ಅರ್ಥಮಾಡಿಸುವವನು ಅವನೇ. ಅಲ್ಲಿಗೆ ತಮ್ಮವನನ್ನು ಕೂರಿಸಬೇಕು ಎಂದು ಮಾನ್‌ಹೈಮ್‌ನವರು ಒತ್ತಾಯಿಸಿದರು. ಫುರ್ಟ್‌ವೆಂಗ್ಲರ್ ಒಪ್ಪಲಿಲ್ಲ, ಗೋಲ್ಡ್‌ಬರ್ಗ್ ಅಲ್ಲೇ ಕೂತ. ಕಛೇರಿಯ ನಂತರದ ಔತಣಕ್ಕೂ ಫುರ್ಟ್‌ವೆಂಗ್ಲರ್ ಹೋಗಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಗೋಲ್ಡ್‌ಬರ್ಗ್ ಜರ್ಮನಿ ಬಿಟ್ಟ. ಇದೇ ಊರಿನವಳಾದ ಫುರ್ಟ್‌ವೆಂಗ್ಲರ್‌ನ ಕಾರ್ಯದರ್ಶಿ ಬೆರ್ಟಾ ಗೈಸ್‌ಮರ್ ಲಂಡನ್ ಸೇರಿದಳು. ಉಳಿದವನು ಆತ.

ಊರಿನ ತಿಂಡಿ ಶ್ಪಗೆಟಿ ಐಸ್, 1969ರಲ್ಲಿ ಇಲ್ಲೇ ಹುಟ್ಟಿದ್ದು. ನಮ್ಮ ಚಕ್ಕುಲಿ ಒರಳಿನಂಥದ್ದರಲ್ಲಿ ವೆನಿಲ್ಲಾ ಐಸ್‌ಕ್ರೀಮ್ ಒತ್ತಿ ಶಾವಿಗೆ ಎಳೆದು, ಮೇಲೆ ಸ್ಟ್ರಾಬೆರಿ ಸಾರು. ಒರಳನ್ನು ಮೊದಲು ಫ್ರೀಜರ್‌ನಲ್ಲಿ ಇಟ್ಟಿರಬೇಕು, ಇಲ್ಲವಾದರೆ ಎಳೆ ನಿಲ್ಲದೆ ಪಾಯಸವಾಗುತ್ತದೆ. ಅಡಿಯಲ್ಲಿರುವ ಕೆನೆ ತಣ್ಣಗೆ ಗಟ್ಟಿಯಾಗಿದ್ದರೆ ಸರಿಯಾಗಿ ಮಾಡಿದ್ದಾರೆ ಎಂದು ಅರ್ಥ.

ಐದನೇ ದಿನ, ಬುಧವಾರ: ಬಾಡೆನ್-ಬಾಡೆನ್

ರೈಲು ನಿಲ್ದಾಣ ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆ, ಬಸ್ಸು ಹಿಡಿಯಲೇಬೇಕು. ಇದು ಹೊಸ ದ್ರಾಕ್ಷಾರಸದ ಕಾಲ: ಇನ್ನೂ ಹುದುಗು ಬರುತ್ತಿರುವ, ಮಜ್ಜಿಗೆಯ ಹಾಗೆ ಕದಡಿದ ರಸ. ಜೊತೆಗೆ ಈರುಳ್ಳಿ ಕಡುಬು ತಿನ್ನುತ್ತಾರೆ. ಅದರಲ್ಲಿ ಹಂದಿಮಾಂಸದ ಚೂರು ಸಾಮಾನ್ಯ, ಇಲ್ಲದ್ದನ್ನು ಕೇಳಿ ಪಡೆಯಬೇಕು. ಬಾಟಲಿಗೆ ಬಿಗಿ ಮುಚ್ಚಳ ಇರುವುದಿಲ್ಲ, ಇದ್ದರೆ ಒಳಗಿನ ಅನಿಲಕ್ಕೆ ಒಡೆದೀತು. ಆದ್ದರಿಂದ ನಿಲ್ಲಿಸಿಯೇ ಒಯ್ಯಬೇಕು. ಬಸ್ಸಿನಲ್ಲಿ ಒಬ್ಬರು ಚೀಲದಲ್ಲಿ ಮಲಗಿಸಿಟ್ಟದ್ದು ಎರಡು ತಿರುವು ಕಳೆಯುವಷ್ಟರಲ್ಲಿ ಎಲ್ಲರ ಚಪ್ಪಲಿಯಡಿ ಅಂಟುತ್ತಿತ್ತು.

ಹೋಹೆನ್‌ಬಾಡೆನ್ ಕೋಟೆಯ ಪಾಳು ಗೋಡೆಗಳ ನಡುವೆ ನಾಲ್ಕು ಮೀಟರ್ ಎತ್ತರದ, 120 ತಂತಿಗಳ ಗಾಳಿವೀಣೆ ಇದೆ, 1999ರದು. ನುಡಿಸುವವರಿಲ್ಲ. ಗಾಳಿ ತೀರಾ ಜೋರಾದರೆ ಬರೀ ಗೊಗ್ಗರು ಸದ್ದು, ಸಣ್ಣಗೆ ಒಂದೇ ಸಮನೆ ಬೀಸಿದರೆ ಒಂದು ಸ್ವರದ ಮೇಲೆ ಇನ್ನೊಂದು ಏಳುತ್ತದೆ. ಅಲ್ಲಿಂದ ಬಂಡೆಗಳ ಬುಡದ ಕಾಡುದಾರಿಯಲ್ಲಿ ನಡೆದರೆ ಎಬರ್‌ಶ್ಟೈನ್‌ಬುರ್ಗ್ ಹಳ್ಳಿ. ಎಲೆ ಉದುರಿ ಒದ್ದೆಯಾಗಿದ್ದರೆ ಹಿಡಿತವಿರುವ ಬೂಟು ಬೇಕು. 1954ರ ನವೆಂಬರ್ 30ರಂದು ಫುರ್ಟ್‌ವೆಂಗ್ಲರ್ ನ್ಯುಮೋನಿಯಾದಿಂದ ತೀರಿಕೊಂಡದ್ದು ಈ ಹಳ್ಳಿಯಲ್ಲಿ, 68ನೇ ವಯಸ್ಸಿನಲ್ಲಿ.

ಕಿವಿ ಮಂದವಾಗತೊಡಗಿತ್ತು. ಸೆಪ್ಟೆಂಬರ್‌ನಲ್ಲಿ ಬರ್ಲಿನ್ ತಂಡದೊಂದಿಗೆ ಕೊನೆಯ ಸಲ ನಿಂತಾಗ ನುಡಿಸಿದ್ದು ತನ್ನದೇ ಎರಡನೇ ಸಿಂಫನಿ ಮತ್ತು ಬೇಥೋವನ್‌ನ ಮೊದಲನೆಯದು. ಬಳಿಕ ವಿಯೆನ್ನಾದಲ್ಲಿ ವಾಗ್ನರ್‌ನ ಒಪೆರಾ ‘ವಾಲ್ಕ್ಯೂರೆ’ ಮುದ್ರಿಸಿದ, ಅಲ್ಲಿಗೆ ಮುಗಿಯಿತು. ತಾನು ಮೊದಲು ಸಂಗೀತ ಬರೆಯುವವನು, ನಡೆಸುವುದು ಆಮೇಲೆ ಎಂದೇ ಆತ ಎಣಿಸಿದ್ದ. ಆ ಎರಡನೇ ಸಿಂಫನಿ ಒಂದು ಗಂಟೆ ದಾಟುತ್ತದೆ, ಕೇಳುವವರಿಗೆ ಇನ್ನೂ ಉದ್ದ ಅನ್ನಿಸುತ್ತದೆ. ಬೇರೆಯವರ ಕೃತಿಯಲ್ಲಿ ಎಲ್ಲಿ ಬಿಡಬೇಕು ಎಂದು ಅಷ್ಟು ಬಲ್ಲವನಿಗೆ ತನ್ನದರಲ್ಲಿ ಬಿಡಲು ಮನಸ್ಸೇ ಬರಲಿಲ್ಲ.

ಆರನೇ ದಿನ, ಗುರುವಾರ: ಹೈಡಲ್‌ಬರ್ಗ್

ಬೆರ್ಗ್‌ಫ್ರೀಡ್‌ಹೋಫ್ ಎಂದರೆ ಗುಡ್ಡದ ಸ್ಮಶಾನ. 1844ರದು, ರೋರ್‌ಬಾಖರ್ ಬೀದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗೆ ನಕ್ಷೆ ನೋಡಿ ಫೋಟೋ ತೆಗೆದುಕೊಳ್ಳದೆ ಹತ್ತಿದರೆ ಮತ್ತೆ ಇಳಿದು ಬರಬೇಕಾಗುತ್ತದೆ. ಒದ್ದೆ ಎಲೆ ಗುಡಿಸುತ್ತಿದ್ದ ಹಿರಿಯರೊಬ್ಬರು ತಾವಾಗಿ ಕೇಳಿದರು: “ಸಂಗೀತದವರದ್ದಾ, ರಾಜಕೀಯದವರದ್ದಾ?” ಪ್ರಶ್ನೆ ಸರಿಯಾದದ್ದೇ. ಜರ್ಮನಿಯ ಮೊದಲ ಅಧ್ಯಕ್ಷ ಎಬರ್ಟ್ ಇಲ್ಲಿದ್ದಾರೆ, ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇದ್ದಾರೆ, ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ಇದ್ದಾರೆ. ಹಿಟ್ಲರ್‌ನ ಮಂತ್ರಿ ಆಲ್ಬರ್ಟ್ ಸ್ಪೇರ್‌ನ ಸಮಾಧಿಯೂ ಇದೇ ಗುಡ್ಡದಲ್ಲಿದೆ. ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲೇ ಉಳಿಯಿರಿ ಎಂದು ಯುದ್ಧದ ಕೊನೆಯಲ್ಲಿ ಫುರ್ಟ್‌ವೆಂಗ್ಲರ್‌ಗೆ ತಾನೇ ಸೂಚಿಸಿದ್ದಾಗಿ ಆಮೇಲೆ ಹೇಳಿಕೊಂಡವನು ಸ್ಪೇರ್. ಫುರ್ಟ್‌ವೆಂಗ್ಲರ್‌ನನ್ನು ತಾಯಿಯ ಸಮಾಧಿಯಲ್ಲೇ ಹೂಳಿದ್ದಾರೆ. ಕಾರ್ತಿಕದ ಚಳಿ ಮುಂಚೆಯೇ ಬಂದ ಹಾಗಿತ್ತು, ಕಲ್ಲಿನ ಮೇಲೆ ಪಾಚಿ.

ಸಂಜೆಗೆ ಹಳೆ ಸೇತುವೆ ದಾಟಿ ‘ಹಾವಿನ ದಾರಿ’ ಹತ್ತಿ ತತ್ವಜ್ಞಾನಿಗಳ ಹಾದಿಗೆ. ಎರಡು ಗೋಡೆಗಳ ನಡುವೆ ಕಡಿದಾದ ಏರು, ಇಪ್ಪತ್ತು ನಿಮಿಷ, ಮಂಡಿ ನೋವಿನವರು ನೊಯೆನ್‌ಹೈಮ್ ಕಡೆಯ ರಸ್ತೆ ಹಿಡಿಯುವುದು ಲೇಸು. ಮೇಲೆ ಕವಿ ಐಶೆಂಡಾರ್ಫ್‌ನ ನೆನಪಿನ ಕಲ್ಲು ಇದೆ. 1807ರಲ್ಲಿ ಇಲ್ಲಿ ಓದಲು ಬಂದವನು. ಅವನ ‘ಸಂಜೆಗೆಂಪಿನಲ್ಲಿ’ ಎಂಬ ಪದ್ಯಕ್ಕೆ ರಿಚರ್ಡ್ ಸ್ಟ್ರೌಸ್ 1948ರಲ್ಲಿ ಸಂಗೀತ ಹಾಕಿದ, ಜೊತೆಗೆ ಹೆರ್ಮನ್ ಹೆಸ್ಸೆಯ ಮೂರು ಪದ್ಯಗಳಿಗೂ. ‘ನಾಲ್ಕು ಕೊನೆಯ ಹಾಡುಗಳು’ ಎಂದು ಹೆಸರಾದ ಅವನ್ನು ಕೇಳದೆಯೇ ಸ್ಟ್ರೌಸ್ 1949ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಮೊದಲ ಬಾರಿ ಅವು ಕೇಳಿಸಿದ್ದು 1950ರ ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವಳು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ತಂಡ ಫಿಲ್‌ಹಾರ್ಮೋನಿಯಾ, ಕೋಲು ಫುರ್ಟ್‌ವೆಂಗ್ಲರ್‌ನದು. ಖರ್ಚಿಗೆ 4,800 ಡಾಲರ್ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಷರತ್ತು ಒಂದೇ: ಕಛೇರಿಯನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳಿಸಬೇಕು. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು ಎಂಬುದು ಅಂದಿನ ಅಂದಾಜು. 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾದ ಮಹಾರಾಜರು ಕೇಳಲು ಬಯಸಿದ್ದು ಇದನ್ನೂ.

ಆ ಸಂಜೆಯ ಧ್ವನಿ ಈಗಲೂ ಕೇಳಸಿಗುತ್ತದೆ. ಟೇಪಲ್ಲ, ಮೆತ್ತನೆಯ ಅರಗಿನ ತಟ್ಟೆ. ಒಂದೊಂದು ಸಲ ಮುಳ್ಳು ಓಡಿದಾಗಲೂ ಗೀರು ಸವೆಯುತ್ತದೆ. ಹುರಿಯುವ ಸಾಸಿವೆಯ ಹಾಗೆ ಚಟಪಟ. ಅದರ ಹಿಂದೆ ಫ್ಲಾಗ್‌ಸ್ಟಾಡ್ ದನಿ ಇದೆ, ಕೆಳಗೆ ಮುಂಚೆಯೇ ಬಂದು ನೆಲ ಹಾಸಿರುವ ಡಬಲ್ ಬಾಸ್‌ಗಳಿವೆ. ಎದುರಿಗೆ ನೆಕಾರ್ ಹೊಳೆಯಾಚೆ ಕೆಂಪು ಕಲ್ಲಿನ ಕೋಟೆಗೆ ಬಿಸಿಲು ತಾಗಿ ಹತ್ತು ನಿಮಿಷ ಇರುತ್ತದೆ. ಐಶೆಂಡಾರ್ಫ್‌ನ ಪದ್ಯದಲ್ಲಿ ಎರಡು ಬಾನಾಡಿಗಳು ಮೇಲೇರುತ್ತವೆ, ಅದೇ ಲೆರ್ಖೆ. ಹಾಡಿನ ಕೊನೆಯಲ್ಲಿ ಸ್ಟ್ರೌಸ್ ಅವಕ್ಕೆಂದು ಎರಡು ಪಿಕೊಲೋಗಳ, ಅಂದರೆ ಪುಟ್ಟ ಕೊಳಲುಗಳ, ಕಂಪಿತ ಇಟ್ಟಿದ್ದಾನೆ. ಈ ತಟ್ಟೆಯಲ್ಲಿ ಯಾವುದು ಹಕ್ಕಿ, ಯಾವುದು ಗೀರಿನ ಚಟಪಟ ಎಂದು ಬಿಡಿಸಲು ಎರಡು ಸಲ ಹಿಂದೆ ಹಾಕಿ ಕೇಳಬೇಕಾಯಿತು.

ಇಳಿಯುವಾಗ ಹಾವಿನ ದಾರಿ ಬೇಡ. ಕಲ್ಲು ಜಾರುತ್ತದೆ, ಗೋಡೆಗಳ ನಡುವೆ ಕತ್ತಲು ಬೇಗ ಕವಿಯುತ್ತದೆ. ನೊಯೆನ್‌ಹೈಮ್ ಕಡೆಗೆ ಇಳಿದರೆ ಬಸ್ಸು ಸಿಗುತ್ತದೆ.